“ಓ ಮೈ ಗಾಡ್”ಗೆ ನಿಮ್ಮ ಮನೆಯಲ್ಲಿ ಏನಂತಾರೆ? (“ಓ ನನ್ನ ದೇವರೇ” ಬೇಡ, ದಮ್ಮಯ್ಯ)

ಮೈಕ್_ಮುಂದೆ
ಎಲ್ಲರಿಗೂ ನಮಸ್ಕಾರ. ನಾನು ಬನಶಂಕರಿ ಕಡೆ ಒಂದು ಸಣ್ಣ ಸ್ಟುಡಿಯೋದಲ್ಲಿ ಡಬ್ಬಿಂಗ್‌ಗೆ ಕನ್ನಡ ಸಂಭಾಷಣೆ ಬರೆಯುತ್ತೇನೆ. ಈಗ ಕೈಯಲ್ಲಿರುವುದು ಮಕ್ಕಳ ಕಾರ್ಟೂನ್. ಅದರಲ್ಲಿ ಮಾತೆತ್ತಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ. ಬಾಗಿಲು ತೆಗೆದರೆ ಡೈನೋಸಾರ್, ಡಬ್ಬಿ ತೆಗೆದರೆ ಕಪ್ಪೆ. ಪ್ರತಿ ಸಲವೂ ಇಂಗ್ಲಿಷ್‌ನಲ್ಲಿ “ಓ ಮೈ ಗಾಡ್”.

ನನಗೆ ಕೊಟ್ಟಿರುವ ಕಚ್ಚಾ ಅನುವಾದದಲ್ಲಿ ಎಲ್ಲ ಕಡೆ “ಓ ನನ್ನ ದೇವರೇ” ಅಂತಿದೆ. ಈ ಊರಿನಲ್ಲಿ ಯಾರಾದರೂ ಬೆಚ್ಚಿದಾಗ “ಓ ನನ್ನ ದೇವರೇ” ಅಂದದ್ದನ್ನು ನೀವು ಕೇಳಿದ್ದೀರಾ? ನಾನು “ಅಯ್ಯೋ” ಹಾಕಿದೆ. “ಯಾರೋ ಹೋಗಿಬಿಟ್ಟ ಹಾಗೆ ಕೇಳುತ್ತೆ, ಬೇಡ” ಅಂದರು. “ಅಬ್ಬಾ” ಹಾಕಿದೆ. “ಬಿಸಿಲಿಂದ ಬಂದು ಫ್ಯಾನ್ ಕೆಳಗೆ ಕೂತ ಹಾಗಿದೆ” ಅಂದರು.

ಇನ್ನೊಂದು ತಾಪತ್ರಯ ತುಟಿಯದು. ಪ, ಬ, ಮ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. ಮುಖವನ್ನು ಹತ್ತಿರದಿಂದ ತೋರಿಸುವಾಗ ಪಾತ್ರ ಎಲ್ಲಿ ತುಟಿ ಮುಚ್ಚುತ್ತದೋ ಅಲ್ಲಿ ನಮ್ಮ ಮಾತಿನಲ್ಲೂ ಈ ಮೂರರಲ್ಲಿ ಒಂದು ಬಂದರೆ ಚೆಂದ. “ಓ ಮೈ ಗಾಡ್” ಅಂದಾಗ ನಡುವಿನ “ಮೈ” ಬಳಿ ತುಟಿ ಮುಚ್ಚುತ್ತದೆ. “ಅಯ್ಯೋ” ಅಂದು ನೋಡಿ, ತುಟಿ ಮುಚ್ಚುವುದೇ ಇಲ್ಲ. ದೂರದ ಶಾಟ್‌ನಲ್ಲಿ ಯಾರೂ ಗಮನಿಸುವುದಿಲ್ಲ. ಆದರೆ ಈ ಕಾರ್ಟೂನಿನಲ್ಲಿ ಬರೀ ಮುಖಗಳೇ.

ಆಶ್ಚರ್ಯ ಆದಾಗ ನಿಮ್ಮ ಬಾಯಿಂದ ಥಟ್ಟಂತ ಏನು ಬರುತ್ತದೆ? ಯಾವ ಊರು, ಯಾವ ವಯಸ್ಸು ಅದನ್ನೂ ಹೇಳಿ. ಬೈಗುಳವಾದರೂ ಬರೆಯಿರಿ, ನಾನು ಸೋಸಿಕೊಳ್ಳುತ್ತೇನೆ.

ಟ್ರಾಫಿಕ್_ತಪಸ್ವಿ
ಸಿಲ್ಕ್ ಬೋರ್ಡ್ ಜಂಕ್ಷನ್ ಖಾಲಿ ಇರುವುದನ್ನು ಕಂಡ ದಿನ ಬಂದು ಹೇಳುತ್ತೇನೆ.

ಗಾಂಧಿಬಜಾರ್_ಅತ್ತಿಗೆ
ನಮ್ಮ ಮನೆಯಲ್ಲಿ ದೇವರುಗಳಿಗೆ ಖಾತೆ ಹಂಚಿಕೆ ಆಗಿದೆ. ನಮ್ಮತ್ತೆ ಚಿನ್ನದ ರೇಟು ಕೇಳಿದರೆ “ಶಿವ ಶಿವಾ!”. ಪಕ್ಕದ ಬೀದಿಯ ಹುಡುಗಿ ಯಾರ ಜೊತೆಗೋ ಬೈಕಿನಲ್ಲಿ ಹೋದಳು ಅಂದರೆ “ರಾಮ ರಾಮಾ!”. ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಬಡಿದು “ಕೃಷ್ಣ ಕೃಷ್ಣ”. ಯಾರೂ ಇದನ್ನು ಕಲಿಸಿದ್ದಲ್ಲ. ಆದರೆ ಒಂದು ದಿನವೂ ಅದಲುಬದಲಾಗಿದ್ದಿಲ್ಲ. ಚಿನ್ನದ ರೇಟಿಗೆ “ಕೃಷ್ಣ ಕೃಷ್ಣ” ಅಂದರೆ ನಮಗೇ ನಗು ಬರುತ್ತದೆ.

ಮಾವನವರು ಏನಾದರೂ ಎಡವಟ್ಟು ಮಾಡಿದರೆ ಮಾತ್ರ “ಅಯ್ಯೋ ರಾಮ”. ಇದರಲ್ಲಿ ಆಶ್ಚರ್ಯ ಕಡಿಮೆ, ಸುಸ್ತು ಜಾಸ್ತಿ.

ಮೈಕ್_ಮುಂದೆ
@ಗಾಂಧಿಬಜಾರ್_ಅತ್ತಿಗೆ ಈ ಖಾತೆ ಹಂಚಿಕೆ ಬಹಳ ಇಷ್ಟವಾಯಿತು. ಆದರೆ ಒಂದು ವಿಷಯ ಹೇಳುವುದು ಬಿಟ್ಟುಹೋಗಿತ್ತು. ಯಾವ ದೇವರ ಹೆಸರೂ ಬರಬಾರದು ಅಂತ ಮೇಲಿನವರ ಸೂಚನೆ ಇದೆ.

ಟ್ರಾಫಿಕ್_ತಪಸ್ವಿ
ಹಾಗಾದರೆ “ಓ ಮೈ ಗಾಡ್”ನಲ್ಲಿರುವ ಗಾಡ್ ಯಾರು? ಬಿಲ್ಡಿಂಗ್ ಓನರ್ರಾ?

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಕಡೆ ಇದಕ್ಕೆಲ್ಲ ಒಂದೇ ಔಷಧ ಐತ್ರಿ. “ಯಪ್ಪಾ!” ತುಟಿಯೂ ಮುಚ್ಚಿತು, ದೇವರೂ ಬರಲಿಲ್ಲ, ಕೆಲಸವೂ ಆಯಿತು. ಸ್ವಲ್ಪ ಜಾಸ್ತಿ ಆಶ್ಚರ್ಯ ಆದರೆ “ಯಪ್ಪಾ ಯಪ್ಪಾ ಯಪ್ಪಾ”. ಹೆಣ್ಣುಮಕ್ಕಳು “ಯವ್ವಾ!” ಅಥವಾ “ಅಯ್ಯ ನಮ್ಮವ್ವ!”. ಸುದ್ದಿ ಕೇಳಿ ಬೆರಗಾದರೆ “ಖರೇನ?”, “ಏನ್ ಹೇಳ್ತೀರಿ!”. ಬೆಂಗಳೂರಿಗೆ ಬಂದು ವರ್ಷಗಟ್ಟಲೆ ಆಯಿತು. ಆಫೀಸಿನಲ್ಲಿ ನಾನು “ಯಪ್ಪಾ” ಅಂದರೆ ಇಡೀ ಸಾಲು ಈಗಲೂ ತಿರುಗಿ ನೋಡುತ್ತದೆ.

ಮಂಡ್ಯ_ಬೆಲ್ಲದಚ್ಚು
“ಅಯ್ಯೋ ಸಿವ್ನೇ!” ದೇವರು ಬೇಡ ಅಂದರೆ “ಎಲಾ ಇವ್ನಾ!”. ಆಳು ಇದ್ದರೂ ಇಲ್ಲದಿದ್ದರೂ ಅದೇ. ಕೆರೆ ಕೋಡಿ ಬಿದ್ದರೂ “ಎಲಾ ಇವ್ನಾ”, ಟಿವಿಯಲ್ಲಿ ಸಿಕ್ಸರ್ ಹೋದರೂ “ಎಲಾ ಇವ್ನಾ”.

ಕುಡ್ಲ_ಗಾಳಿ
“ಓ ಮಾರಾಯ!” ಮುಗಿಯಿತಲ್ಲ ಕತೆ. ಓ-ಮೈ-ಗಾಡ್, ಓ-ಮಾ-ರಾಯ. ತುಟಿ ಕೂಡ ಅಲ್ಲೇ ಮುಚ್ಚುತ್ತದೆ.

ಮೈಕ್_ಮುಂದೆ
@ಕುಡ್ಲ_ಗಾಳಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ನಿಜಕ್ಕೂ ಕೂರುತ್ತದೆ! ಕೊನೆಯ “ಯ” ಮಾತ್ರ ಚೂರು ಎಳೆದ ಹಾಗಾಗುತ್ತದೆ. ಹೊಂದಿಸಬಹುದು.

ಪಣಂಬೂರು_ಪೋಡಿ
ಬೇಡ, ದಯವಿಟ್ಟು ಬೇಡ. ಇದರ ಕೊನೆ ನನಗೆ ಗೊತ್ತು. ಆ ಪಾತ್ರವನ್ನು ಕಾಮಿಡಿ ಮಾಡುತ್ತೀರಿ. ಆಮೇಲೆ ಅದಕ್ಕೆ “ಎಂತ ಸಾವು ಮಾರಾಯ”, “ಮಂಡೆ ಬೆಚ್ಚ” ಎಲ್ಲ ಹಾಕುತ್ತೀರಿ. ನಾವು ಬೆಂಗಳೂರಿಗೆ ಬಂದು ಬಾಯಿ ತೆಗೆದರೆ ಸಾಕು, “ಇನ್ನೊಂದ್ಸಲ ಹೇಳಿ, ಚೆನ್ನಾಗಿದೆ” ಅಂತಾರೆ. ನಾನು ಬಾಡಿಗೆ ಅಡ್ವಾನ್ಸ್ ವಾಪಸ್ ಕೇಳುತ್ತಿದ್ದೆ, ಓನರ್ ನಗುತ್ತಿದ್ದರು.

ಕುಡ್ಲ_ಗಾಳಿ
@ಪಣಂಬೂರು_ಪೋಡಿ ಅದು ಬೇರೆ ವಿಷಯ ಮಾರಾಯ್ರೆ. ಅಡ್ವಾನ್ಸ್ ಕೊಟ್ಟರಾ ಕಡೆಗೆ?

ಪಣಂಬೂರು_ಪೋಡಿ
ಪೇಂಟಿಂಗ್ ಅಂತ ಹೇಳಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು.

ಟ್ರಾಫಿಕ್_ತಪಸ್ವಿ
ಎಲಾ ಇವ್ನಾ!

ಹಳಗನ್ನಡ_ಹಪಾಹಪಿ
ಒಳ್ಳೆಯ ಚರ್ಚೆ. ಕೆಲವು ವಿಷಯ ಸೇರಿಸುತ್ತೇನೆ. “ಎಲಾ” ಅನ್ನುವುದು ಹಳೆಯ ಕರೆಯುವ ಮಾತು. ಎಲೆ, ಎಲೆಲೆ, ಎಲವೋ ಎಲ್ಲ ಅದರ ನೆಂಟರೇ. ಯಕ್ಷಗಾನದಲ್ಲಿ ಇವತ್ತಿಗೂ ಕೇಳುತ್ತೀರಿ. “ಮಾರಾಯ” ಅಂದರೆ ಮಹಾರಾಯ, ಅಂದರೆ ದೊಡ್ಡ ದೊರೆ. ಹೆಣ್ಣಾದರೆ ಮಾರಾಯ್ತಿ. “ಅಯ್ಯೋ”ದೊಳಗೆ ಅಯ್ಯ ಇದ್ದಾನೆ, “ಯಪ್ಪಾ”ದೊಳಗೆ ಅಪ್ಪ, “ಯವ್ವಾ”ದೊಳಗೆ ಅವ್ವ. ಒಟ್ಟಿನಲ್ಲಿ ಬೆಚ್ಚಿದ ಕನ್ನಡಿಗ ಯಾರನ್ನಾದರೂ ಕರೆಯುತ್ತಾನೆ. ಒಬ್ಬನೇ ಬೆಚ್ಚುವುದು ನಮ್ಮ ಜಾಯಮಾನವಲ್ಲ.

15ನೇ ಶತಮಾನದ ಕುಮಾರವ್ಯಾಸನ ಭಾರತ ತೆಗೆದರೆ ಶಿವಶಿವಾ, ಹರಹರಾ, ಅಕಟಕಟಾ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಯುದ್ಧದಲ್ಲಿ ಯಾರಾದರೂ ಚೆನ್ನಾಗಿ ಹೊಡೆದರೆ “ಮಝ ಭಾಪು!”. ಕಿಟೆಲ್ ನಿಘಂಟು 1894ರದ್ದು. ಅದರಲ್ಲಿ ಇಂಥ ಉದ್ಗಾರಗಳನ್ನು ಹುಡುಕುತ್ತಾ ಕೂತರೆ ಒಂದು ಭಾನುವಾರ ಹೋಗುತ್ತದೆ.

ಪಿಯುಸಿ_ಪಾರಾದವ
ಡೈನೋಸಾರ್ ಕಂಡು “ಮಝ ಭಾಪು” ಅನ್ನುವ ಇಲಿ ಬೇಕು ನನಗೆ. ಈಗಲೇ ಬೇಕು.

ಮೈಕ್_ಮುಂದೆ
@ಪಿಯುಸಿ_ಪಾರಾದವ ತುಟಿ ಮೂರು ಸಲ ಮುಚ್ಚದೇ ಇದ್ದಿದ್ದರೆ ಖಂಡಿತ ಹಾಕುತ್ತಿದ್ದೆ.

ಜಯನಗರ_4ನೇ_ಬ್ಲಾಕ್
@ಹಳಗನ್ನಡ_ಹಪಾಹಪಿ “ಅಬ್ಬಾ”ದೊಳಗೆ ಯಾರಿದ್ದಾರೆ? ಹಳಗನ್ನಡದಲ್ಲಿ ಅಬ್ಬೆ ಅಂದರೆ ತಾಯಿ. ಹವ್ಯಕರು ಇವತ್ತಿಗೂ ಅಮ್ಮನಿಗೆ ಅಬ್ಬೆ ಅನ್ನುತ್ತಾರೆ. ಹಾಗಾದರೆ ಅಬ್ಬಬ್ಬಾ ಅಂದರೆ ಅಮ್ಮಮ್ಮಾ ಅಲ್ವಾ?

ಲೆಕ್ಕದ_ಮೇಷ್ಟ್ರು
ಎಲ್ಲದರೊಳಗೂ ಅಪ್ಪ ಅಮ್ಮನನ್ನು ಹುಡುಕಬೇಡಿ. ಬೆಚ್ಚಿದಾಗ ಬಾಯಿ ತಾನಾಗಿ ತೆರೆಯುತ್ತದೆ, “ಆ” ಬರುತ್ತದೆ. ಆಮೇಲೆ ತುಟಿ ಮುಚ್ಚಿದರೆ “ಬ್ಬ”. ಇಷ್ಟೇ. ಇಂಗ್ಲಿಷಿನವರ “ಓಹ್” ಯಾರ ಅಮ್ಮ?

ಜಯನಗರ_4ನೇ_ಬ್ಲಾಕ್
ಮೇಷ್ಟ್ರೇ, ಅಬ್ಬಬ್ಬಬ್ಬಾ. ಎಲ್ಲ ಸ್ವಾರಸ್ಯಕ್ಕೂ ನೀರು ಸುರಿದಿರಿ.

ಹನುಮಂತನಗರ_ಹಳಬ
ಇಷ್ಟೆಲ್ಲ ಬರೆದರಲ್ಲ, ಅಪ್ಪಟ ಬೆಂಗಳೂರಿನದನ್ನು ಒಬ್ಬರೂ ಹೇಳಲಿಲ್ಲ. “ಅಯ್ಯೋ ಮುಂಡೇದೇ!” ನಮ್ಮಜ್ಜಿ ಮೊಮ್ಮಗ ಫಸ್ಟ್ ಕ್ಲಾಸ್ ಬಂದರೂ ಅದನ್ನೇ ಅನ್ನುತ್ತಿದ್ದರು, ಹಾಲು ಉಕ್ಕಿದರೂ ಅದನ್ನೇ. ಪ್ರೀತಿ, ಬೈಗುಳ, ಬೆರಗು ಮೂರೂ ಒಂದೇ ಮಾತಿನಲ್ಲಿ. ಅದನ್ನು ಹಾಕಿ ನೋಡಿ, ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಾರೆ.

ನೀಲಿ_ಸೆರಗು
@ಹನುಮಂತನಗರ_ಹಳಬ ಮಕ್ಕಳ ಕಾರ್ಟೂನಿಗಾ? ಆ ಮಾತು ಎಲ್ಲಿಂದ ಬಂತು ಅಂತ ಗೊತ್ತಿದೆ ಅಲ್ವಾ? ಮುಂಡನ ಮಾಡಿಸಿದ ತಲೆ. ಗಂಡ ಸತ್ತ ಹೆಂಗಸಿಗೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿತ್ತಲ ಬಾಗಿಲಿನಲ್ಲಿ ಓಡಾಡು ಅಂತ ಬಿಟ್ಟು, ಆಮೇಲೆ ಅದೇ ಹೆಸರಿನಲ್ಲಿ ಬೈಯುವುದು.

ನಮ್ಮ ಅಜ್ಜಿಯ ಅತ್ತೆ ಹಾಗೆ ಬದುಕಿದವರು. ಅಜ್ಜಿ ಈ ಮಾತನ್ನು ಮನೆಯೊಳಗೆ ಆಡಲು ಬಿಡುತ್ತಿರಲಿಲ್ಲ. ನಾವು ಮಕ್ಕಳು ಬೀದಿಯಲ್ಲಿ ಕಲಿತು ಬಂದು ಅಂದಾಗ ಪೊರಕೆ ಹಿಡಿದುಕೊಂಡು ಬಂದಿದ್ದರು. ಅದಕ್ಕೇ ನನಗೆ ಇದರಲ್ಲಿ ಪ್ರೀತಿ ಕೇಳಿಸುವುದಿಲ್ಲ.

ಹನುಮಂತನಗರ_ಹಳಬ
@ನೀಲಿ_ಸೆರಗು ಮೂಲ ಗೊತ್ತಿದೆ. ಆದರೆ ನಮ್ಮಜ್ಜಿಯೂ ವಿಧವೆಯೇ. ಅವರೇ ಅನ್ನುತ್ತಿದ್ದರು. ಅವರ ಬಾಯಲ್ಲಿ ಆ ಮಾತಿನ ಮುಳ್ಳು ಉದುರಿ ಹೋಗಿತ್ತು. ನೂರು ವರ್ಷದ ಹಿಂದಿನ ಅರ್ಥ ಹಿಡಿದುಕೊಂಡರೆ ಅರ್ಧ ಕನ್ನಡ ಮೂಲೆಗೆ ಹಾಕಬೇಕಾಗುತ್ತದೆ.

ನೀಲಿ_ಸೆರಗು
ನಿಮ್ಮಜ್ಜಿ ತಮ್ಮ ಮನೆಯಲ್ಲಿ ಅಂದರು, ಅದು ಅವರ ಹಕ್ಕು. ಅವರಿಂದ ಕಿತ್ತುಕೊಳ್ಳಲು ನಾನು ಯಾರು? ನಾನು ಹೇಳುತ್ತಿರುವುದು, ಅದನ್ನು ಆರು ವರ್ಷದ ಮಕ್ಕಳಿಗೆ ಕಪ್ಪೆಯ ಬಾಯಿಂದ ಕಲಿಸಬೇಡಿ ಅಂತ. ಮುಳ್ಳು ಉದುರಿದೆ ಅಂತ ತೀರ್ಮಾನ ಮಾಡುತ್ತಿರುವವರು ಚುಚ್ಚಿಸಿಕೊಂಡವರಲ್ಲ, ಅದನ್ನೂ ಗಮನಿಸಿ.

ಗಾಂಧಿಬಜಾರ್_ಅತ್ತಿಗೆ
@ನೀಲಿ_ಸೆರಗು ಸರಿಯಾಗಿ ಹೇಳಿದಿರಿ. ನಮ್ಮತ್ತೆಯೂ ಅನ್ನುತ್ತಾರೆ, ನಾನೂ ನಗುತ್ತೇನೆ. ಆದರೆ ಮಗಳು ಅಂದಾಗ ಮಾತ್ರ ಎದೆ ಧಸಕ್ ಅಂತು.

ಲೆಕ್ಕದ_ಮೇಷ್ಟ್ರು
ಮೊದಲೇ ಸೋಸಿಕೊಳ್ಳುತ್ತೇನೆ ಅಂತ ಹೇಳಿದ್ದಾರೆ. ಇದು ಜರಡಿಯಲ್ಲಿ ನಿಲ್ಲುವ ಮಾತು. ಮುಂದೆ ಹೋಗೋಣ.

ಹನುಮಂತನಗರ_ಹಳಬ
ಮುಂದೆ ಹೋಗಿ, ನಾನು ಇಲ್ಲೇ ಇರುತ್ತೇನೆ. ನೀವೆಲ್ಲ ಮನೆಯಲ್ಲಿ ಅನ್ನುವುದು ಒಂದು, ಇಲ್ಲಿ ಬರೆಯುವುದು ಒಂದು.

ಮಂಡ್ಯ_ಬೆಲ್ಲದಚ್ಚು
ಜಗಳ ಬಿಡಿ, ಇದನ್ನು ಕೇಳಿ. ನಮ್ಮ ಕಡೆ ಬೈಗುಳವನ್ನೇ ತಿರುಗಿಸಿ ಹಾಕುವ ಒಂದು ಉಪಾಯ ಇದೆ. ಬಾಯಿಗೆ ಬರುವುದು “ನಿನ್ ಮನೆ ಹಾಳಾಗ”. ಆದರೆ ಎದುರಿಗಿರುವುದು ಸ್ವಂತ ತಮ್ಮನ ಮಗ. ಅದಕ್ಕೇ ಅರ್ಧದಲ್ಲಿ ತಿರುವಿ “ನಿನ್ ಮನೆ ಕಾಯ್ವಾಗ!” ಅಂದುಬಿಡುತ್ತಾರೆ. ಮನೆ ಉಳಿಯಲಿ ಅಂತ. ದನಿ ಮಾತ್ರ ಅದೇ ಬೈಗುಳದ್ದು. ಅವನು ಮರ ಹತ್ತಿ ಬಿದ್ದರೂ “ನಿನ್ ಮನೆ ಕಾಯ್ವಾಗ”, ಕೆಲಸ ಸಿಕ್ಕಿತು ಅಂದರೂ “ಅಯ್ಯೋ ನಿನ್ ಮನೆ ಕಾಯ್ವಾಗ, ಹೇಳೇ ಇಲ್ವಲ್ಲೋ!”.

ಮೈಕ್_ಮುಂದೆ
@ಮಂಡ್ಯ_ಬೆಲ್ಲದಚ್ಚು ಇದನ್ನು ಬರೆದಿಟ್ಟುಕೊಂಡೆ. ಸರಣಿಯಲ್ಲಿ ಒಂದು ಮುದಿ ಆಮೆ ಇದೆ. ಸದಾ ಗೊಣಗುತ್ತದೆ, ಎಲ್ಲರನ್ನೂ ಕಾಪಾಡುತ್ತದೆ. ಅದಕ್ಕೇ ಹೇಳಿಮಾಡಿಸಿದ ಹಾಗಿದೆ. ಆಮೆಯ ಬಾಯಿ ಅಷ್ಟಾಗಿ ಅಲ್ಲಾಡುವುದೂ ಇಲ್ಲ, ತುಟಿ ತಲೆನೋವಿಲ್ಲ.

ಶಿವಾಜಿನಗರ_ಚಾಯ್
ಒಂದು ಸಲ ಕೆ.ಆರ್. ಮಾರ್ಕೆಟ್ಟಿಗೆ ಬಂದು ನಿಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆದರೆ ಇನ್ನೂ ಒಳ್ಳೆಯದು. ಹೂವಿನವರು ರೇಟು ಹೇಳುತ್ತಿದ್ದ ಹಾಗೆ ಗಿರಾಕಿಗಳು ಏನನ್ನುತ್ತಾರೆ ಅಂತ ಸುಮ್ನೆ ಕಿವಿ ಕೊಟ್ಟು ಕೇಳಿ. ಒಬ್ಬರು “ಅರೆ ಬಾಪ್ ರೇ”, ಒಬ್ಬರು “ಯಾ ಅಲ್ಲಾ”, ಒಬ್ಬರು “ಅಡೇಯಪ್ಪಾ”, ಒಬ್ಬರು “ಓರಿ ನಾಯನೋ”. ಹೂವಿನ ಅಮ್ಮ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾರೆ: “ತಗೊಂಡ್ರೆ ತಗೊಳ್ಳಿ.”

ಕಸ್ತೂರಿ_ಕಾವಲುಗಾರ
ಇದೇ ನೋಡಿ ಸಮಸ್ಯೆ. ಎಲ್ಲ ಕಲಬೆರಕೆ. ಆಶ್ಚರ್ಯಪಡುವುದಕ್ಕೂ ಬೇರೆ ಭಾಷೆ ಬೇಕಾ?

ಶಿವಾಜಿನಗರ_ಚಾಯ್
@ಕಸ್ತೂರಿ_ಕಾವಲುಗಾರ ಕ್ರಿಕೆಟ್ ನೋಡುವಾಗ “ಶಹಬ್ಬಾಸ್” ಅನ್ನುತ್ತೀರಲ್ಲ, ಅದು ಪಾರ್ಸಿಯ “ಶಾದ್ ಬಾಶ್”. ಖುಷಿಯಾಗಿರು ಅಂತ. ಊಟ “ಸಖತ್” ಆಗಿತ್ತು ಅನ್ನುತ್ತೀರಲ್ಲ, ಅದೂ ಅಲ್ಲಿಯದೇ. ಅಲ್ಲಿ ಸಖ್ತ್ ಅಂದರೆ ಗಟ್ಟಿ, ಕಠಿಣ. ಗಟ್ಟಿ ಅನ್ನುವ ಮಾತನ್ನು ಮೆತ್ತನೆಯ ಮಸಾಲೆ ದೋಸೆಗೆ ಹಚ್ಚಿದವರು ನಾವೇ. ಇನ್ನು ಯಾವುದನ್ನು ಬೇರ್ಪಡಿಸುತ್ತೀರಿ?

ಕಸ್ತೂರಿ_ಕಾವಲುಗಾರ
ಬಂದು ನೂರಾರು ವರ್ಷ ಆದವು ಬೇರೆ. ನಾನು ಹೇಳಿದ್ದು ಈಗಿನ ಹುಡುಗರ “ಬ್ರೋ”, “ಓ ಎಮ್ ಜಿ”, “ವಾಟ್ ದ” ಬಗ್ಗೆ.

ಪಿಯುಸಿ_ಪಾರಾದವ
ಈಗಿನ ಹುಡುಗ ಹಾಜರ್. ನಮ್ಮಲ್ಲಿ “ಮಗಾ” ಒಂದೇ ಸಾಕು. ಮೇಲಕ್ಕೆ ಎಳೆದರೆ ಆಶ್ಚರ್ಯ: “ಮಗಾಆಆ?” ಕೆಳಕ್ಕೆ ಬಿಟ್ಟರೆ ದುಃಖ: “ಮಗಾ…” ತುಂಡು ಮಾಡಿದರೆ ಎಚ್ಚರಿಕೆ: “ಮಗಾ!” ರಿಸಲ್ಟ್ ದಿನ ಹಾಸ್ಟೆಲ್‌ನಲ್ಲಿ ಮೂರೂ ಕೇಳಿಸುತ್ತವೆ. ಅದರ ಮೇಲೆ “ಏನ್ ಗುರೂ ಇದು!”. “ಬ್ರೋ” ನಾವೂ ಅನ್ನುತ್ತೇವೆ, ಆದರೆ ಅದು ಅಷ್ಟು ಪರಿಚಯ ಇಲ್ಲದವರಿಗೆ.

ಹಳಗನ್ನಡ_ಹಪಾಹಪಿ
@ಪಿಯುಸಿ_ಪಾರಾದವ ನೋಡಿದಿರಾ, ಅಯ್ಯ, ಅಪ್ಪ, ಅವ್ವ, ಮಹಾರಾಯ, ಈಗ ಮಗ, ಗುರು. ಕರೆಯುವ ಹೆಸರು ಬದಲಾಯಿತು, ಕರೆಯುವುದು ನಿಲ್ಲಲಿಲ್ಲ. ನಿಮ್ಮ “ಬ್ರೋ” ಕೂಡ ಇದೇ ಸಾಲಿಗೆ ಬಂದು ಕೂತಿದೆ. ಕಸ್ತೂರಿಯವರು ಕೋಪ ಮಾಡಿಕೊಳ್ಳಬಾರದು.

ಕಸ್ತೂರಿ_ಕಾವಲುಗಾರ
ಮಾಡಿಕೊಳ್ಳುತ್ತೇನೆ.

ಆನ್‌ಸೈಟ್_ಅಳಿಯ
ಕೊಡು ತೆಗೆದುಕೊಳ್ಳುವುದು ಎರಡೂ ಕಡೆ ನಡೆಯುತ್ತದೆ. “ಅಯ್ಯೋ” 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿತು. ಈಗ ಅದು ಅಧಿಕೃತ ಇಂಗ್ಲಿಷ್ ಪದ. ಇಲ್ಲಿ ನಮ್ಮ ಟೀಮಿನಲ್ಲಿ ಒಬ್ಬ ಸ್ಕಾಟ್ಲೆಂಡಿನವನು ಸರ್ವರ್ ಕುಸಿದರೆ ಈಗ “ಅಯ್ಯೋ” ಅನ್ನುತ್ತಾನೆ. ಉಚ್ಚಾರ ಪರವಾಗಿಲ್ಲ. ಕೈ ಹಣೆಗೆ ಹೋಗುವುದಿಲ್ಲ, ಅದೊಂದು ಕೊರತೆ.

ಗಾಂಧಿಬಜಾರ್_ಅತ್ತಿಗೆ
ಇದನ್ನು ಈಗಷ್ಟೇ ನಮ್ಮತ್ತೆಗೆ ಓದಿ ಹೇಳಿದೆ. “ಅದಕ್ಕೂ ದುಡ್ಡು ಕೊಟ್ರಾ ಅವರು?” ಅಂತ ಕೇಳಿದರು.

ಮೂರು_ಚಕ್ರ
ನಾನು ಆಟೋ ಓಡಿಸುತ್ತೇನೆ, ವಿಜಯನಗರ ಸ್ಟ್ಯಾಂಡು. ಇಲ್ಲಿ ಬರೀ ಓದುತ್ತಿದ್ದೆ. ಆದರೆ ಈ ವಿಷಯದಲ್ಲಿ ನನಗೆ ಗೊತ್ತಿರುವಷ್ಟು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಅನ್ನಿಸಿ ಬರೆಯುತ್ತಿದ್ದೇನೆ.

ಗಾಡಿಗೆ ಹತ್ತಿದವರು ದಾರಿಯುದ್ದಕ್ಕೂ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಾರೆ. ಯಾವ ಊರಿನವರು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಗುಂಡಿಗೆ ಚಕ್ರ ಇಳಿಯಿತು ಅಂದುಕೊಳ್ಳಿ, ಆಗ ಗೊತ್ತಾಗುತ್ತದೆ. “ಅಮ್ಮೋ” ಅಂದರೆ ಆಂಧ್ರದ ಕಡೆ. “ಹಾಯ್ ರಾಮ್” ಅಂದರೆ ಉತ್ತರದವರು. “ಅಗ ಬಾಯಿ” ಅಂದರೆ ಮಹಾರಾಷ್ಟ್ರ, ಇಲ್ಲ ಬೆಳಗಾವಿ ಹತ್ತಿರದವರು. “ಯಪ್ಪಾ” ಅಂದರೆ ನಾನು ಹಿಂದೆ ತಿರುಗಿ “ಯಾವೂರ್ರೀ?” ಅಂತಲೇ ಕೇಳುತ್ತೇನೆ. ಬೆಂಗಳೂರಿನ ಹಳಬರು ಏನೂ ಅನ್ನುವುದಿಲ್ಲ. ಗುಂಡಿ ಬರುವ ಮೊದಲೇ ಕಂಬಿ ಹಿಡಿದುಕೊಂಡಿರುತ್ತಾರೆ.

ಮೊನ್ನೆ ಒಬ್ಬರು ಮೇಡಂ, ಪೂರಾ ದಾರಿ ಇಂಗ್ಲಿಷಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ನಾಗರಬಾವಿ ಹತ್ತಿರ ಹಂಪು ಕಾಣಲಿಲ್ಲ, ಗಾಡಿ ಹಾರಿತು. “ಅಯ್ಯೋ ನಿನ್ ಮಕಾ ಮುಚ್ಚಾ!” ಅಂದರು. ಫೋನಿನವರಿಗೋ ನನಗೋ ತಿಳಿಯಲಿಲ್ಲ. ಆಮೇಲೆ ಇಬ್ಬರೂ ನಕ್ಕೆವು. ಅವರು ತುಮಕೂರಿನವರು.

ಮೈಕ್_ಮುಂದೆ
@ಮೂರು_ಚಕ್ರ ಅಣ್ಣಾ, ಈ ಇಡೀ ಚರ್ಚೆಗೆ ನಿಮ್ಮದೊಂದೇ ಉತ್ತರ ಸಾಕಿತ್ತು.

ಟ್ರಾಫಿಕ್_ತಪಸ್ವಿ
@ಮೂರು_ಚಕ್ರ ನೀವು ಮೀಟರ್ ಹಾಕಿದರೆ ಏನಂತಾರೆ ಅದನ್ನೂ ಹೇಳಿ.

ಮೂರು_ಚಕ್ರ
ಬರುತ್ತೆ ಅಂತ ಗೊತ್ತಿತ್ತು ಈ ಪ್ರಶ್ನೆ. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಇದು 2025ರ ಆಗಸ್ಟ್‌ನಿಂದ. ಮೀಟರ್ ಹಾಕಿದರೆ ಏನೂ ಅನ್ನುವುದಿಲ್ಲ ಸಾರ್. ಮೀಟರಿನ ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ.

ಜಯನಗರ_4ನೇ_ಬ್ಲಾಕ್
ನಿಜವಾದ ಬೆರಗು ಅಂದರೆ ಅದೇ, ಮಾತೇ ಬರದಿರುವುದು. “ಗರ ಬಡಿದ ಹಾಗೆ” ನಿಲ್ಲುವುದು ಅನ್ನುತ್ತಾರಲ್ಲ, ಗ್ರಹ ಹಿಡಿದ ಹಾಗೆ. ಕಣ್ಣು ಬಾಯಿ ಬಿಡುವುದು, ಮಿಕಮಿಕ ನೋಡುವುದು, ಮೂಗಿನ ಮೇಲೆ ಬೆರಳು. ನಮ್ಮ ತಾಯಿ “ಬಾಯ್ಮುಚ್ಚು, ನೊಣ ಹೋಗುತ್ತೆ” ಅನ್ನುತ್ತಿದ್ದರು.

ಕಂಠದಾನ_ಕಲ್ಪನೆ
@ಮೈಕ್_ಮುಂದೆ ನಾನು ಡಬ್ಬಿಂಗ್ ಆರ್ಟಿಸ್ಟ್. ಕೆಲಸದ ಮಾತು ಒಂದು ಹೇಳುತ್ತೇನೆ. ನಮ್ಮ ಹೆಂಗಸರು ಬೆಚ್ಚಿದಾಗ ಮೊದಲು ಉಸಿರು ಒಳಕ್ಕೆ ಎಳೆದುಕೊಳ್ಳುತ್ತಾರೆ. “ಹ್ಹಾ!” ಅಂತ, ಕೈ ಬಾಯಿಯ ಮೇಲೆ. ಮಾತು ಬರುವುದು ಆಮೇಲೆ. ಇಂಗ್ಲಿಷ್ ಕಾರ್ಟೂನಿನಲ್ಲಿ ಮಾತು ಮತ್ತು ಉಸಿರು ಒಟ್ಟಿಗೇ ಹೊರಗೆ ಬರುತ್ತವೆ. ನೀವು ಎಂಥ ಒಳ್ಳೆಯ ಮಾತು ಬರೆದರೂ ಆ ಎಳೆದುಕೊಂಡ ಉಸಿರು ಇಲ್ಲದಿದ್ದರೆ ಓದಿದ ಹಾಗೇ ಕೇಳುತ್ತದೆ. ಸ್ಕ್ರಿಪ್ಟಿನಲ್ಲಿ ಅದಕ್ಕೆ ಜಾಗ ಬಿಡಿ. ನಾವು ತುಂಬಿಕೊಳ್ಳುತ್ತೇವೆ.

ಇನ್ನೊಂದು. ಒಂದೇ ಉದ್ಗಾರವನ್ನು ಎಲ್ಲ ಪಾತ್ರಕ್ಕೂ ಹಾಕಬೇಡಿ. ಇಂಗ್ಲಿಷಿನವರಿಗೆ ಒಂದೇ ಇದ್ದರೆ ಅದು ಅವರ ಬಡತನ. ಸಿನಿಮಾಕ್ಕೂ ಸೀರಿಯಲ್‌ಗೂ ಡಬ್ಬಿಂಗ್ ತಡೆಯಬಾರದು ಅಂತ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) 2015ರಲ್ಲಿ ಆದೇಶ ಕೊಟ್ಟ ಮೇಲೆ ಕೆಲಸ ಹೆಚ್ಚಿತು, ನಿಜ. ಆದರೆ “ಓ ನನ್ನ ದೇವರೇ”, “ನೀನು ತಮಾಷೆ ಮಾಡುತ್ತಿರಬೇಕು” ಇಂಥವೂ ಅದರ ಜೊತೆಗೇ ಬಂದವು. ಎರಡನೆಯದನ್ನು ನನ್ನ ಬಾಯಿಂದಲೇ ಹೇಳಿಸಿದ್ದಾರೆ. ಮನೆಯಲ್ಲಿ ಕೇಳಿ ಮಗ “ಅಮ್ಮಾ, ಯಾರಮ್ಮ ಹೀಗ್ ಮಾತಾಡ್ತಾರೆ?” ಅಂದ.

ಲೆಕ್ಕದ_ಮೇಷ್ಟ್ರು
“ನೀನು ತಮಾಷೆ ಮಾಡುತ್ತಿರಬೇಕು”ಗೆ ಕನ್ನಡ: “ಹೋಗೋಲೋ!”

ಕಂಠದಾನ_ಕಲ್ಪನೆ
@ಲೆಕ್ಕದ_ಮೇಷ್ಟ್ರು ಸಾರ್, ನಿಮಗೆ ಈ ಕೆಲಸ ಕೊಡಬೇಕು.

ನೀಲಿ_ಸೆರಗು
ಉದ್ಗಾರ ಅಂದರೆ ಒಂದೇ ಪದ ಆಗಬೇಕು ಅಂತೇನಿಲ್ಲ. ಅಪರೂಪಕ್ಕೆ ಯಾರಾದರೂ ಮನೆಗೆ ಬಂದರೆ “ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?”. ಸೋಮಾರಿ ಮಗ ತಟ್ಟೆ ತೊಳೆದರೆ “ಇವತ್ತು ಮಳೆ ಗ್ಯಾರಂಟಿ”. ಮಾತಾಡಿಕೊಳ್ಳುತ್ತಿದ್ದವರೇ ಬಾಗಿಲಿಗೆ ಬಂದು ನಿಂತರೆ “ನೂರು ವರ್ಷ ಆಯಸ್ಸು ನಿಂಗೆ!”. ಕಾರ್ಟೂನಿನಲ್ಲಿ ಬಾಗಿಲು ತೆಗೆದರೆ ಡೈನೋಸಾರ್ ಅಂದಿರಲ್ಲ, ಅದರ ವಿಷಯವೇ ಮಾತಾಡುತ್ತಿದ್ದರೆ ಇದನ್ನು ಹಾಕಬಹುದು.

ಹನುಮಂತನಗರ_ಹಳಬ
@ನೀಲಿ_ಸೆರಗು ಡೈನೋಸಾರಿಗೆ ನೂರು ವರ್ಷ ಆಯಸ್ಸಾ! ಇದು ಚೆನ್ನಾಗಿದೆ. ಇದಕ್ಕೆ ನನ್ನ ತಕರಾರಿಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಆ ಡೈನೋಸಾರ್ ಸತ್ತು ಆರೂವರೆ ಕೋಟಿ ವರ್ಷ ಆಗೇತಿ. ಈಗ ಆಯಸ್ಸು ಕೊಡ್ತೀರೇನ್ರಿ?

ಗಾಂಧಿಬಜಾರ್_ಅತ್ತಿಗೆ
ಹಲ್ಲಿ ಲೊಚಗುಟ್ಟಿತು, ಮಾತು ನಿಜ ಆಗುತ್ತೆ, ಎಲ್ಲರೂ ನೆಲ ಬಡಿಯಿರಿ.

ಲೆಕ್ಕದ_ಮೇಷ್ಟ್ರು
ಹಲ್ಲಿಗೂ ಡೈನೋಸಾರಿಗೂ ದೂರದ ನಂಟು ಇದೆ. ಸಾಕ್ಷಿ ಹೇಳುತ್ತಿರಬಹುದು.

ಪಿಯುಸಿ_ಪಾರಾದವ
ಹತ್ತಿರದ ನಂಟು ಕೋಳಿಗೆ ಸಾರ್. ಬಯಾಲಜಿಯಲ್ಲಿ ಪಾಸಾಗಿದ್ದು ಅದೊಂದರಿಂದಲೇ.

ಟ್ರಾಫಿಕ್_ತಪಸ್ವಿ
ಅಂದರೆ ನಿನ್ನೆ ಶಿವಾಜಿನಗರದಲ್ಲಿ ನಾನು ತಿಂದದ್ದು ಡೈನೋಸಾರ್ ಕಬಾಬ್. ಶಹಬ್ಬಾಸ್.

ಮೈಕ್_ಮುಂದೆ
ವಿಷಯ ಎಲ್ಲಿಗೋ ಹೋಯಿತು, ಆದರೂ ಇವತ್ತು ಸ್ಟುಡಿಯೋದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಪಾತ್ರಕ್ಕೊಂದು ಅಂತ ಬರೆದುಕೊಟ್ಟೆ. ಮುದಿ ಆಮೆಗೆ “ನಿನ್ ಮನೆ ಕಾಯ್ವಾಗ”. ಹಾಗಂದರೇನು ಅಂತ ಕೇಳಿದರು, ವಿವರಿಸಿದೆ, ಒಪ್ಪಿದರು. ಇಲಿಗೆ “ಅಮ್ಮಮ್ಮಾ”, ಅದರ ಬಾಯಿಗೆ ಅಳತೆ ತೆಗೆದ ಹಾಗೆ ಕೂತಿತು. ಎರಡು ಅಳಿಲು ಮರಿಗಳಿಗೆ “ಮಗಾಆಆ?”. ಅವು ಹೆಣ್ಣು ಮರಿಗಳು, “ಮಗಾ” ಅಂದರೆ ಹೇಗೆ ಅಂತ ಒಂದು ಗಂಟೆ ವಾದ ನಡೆಯಿತು.

ಪಿಯುಸಿ_ಪಾರಾದವ
ನಮ್ಮ ಕ್ಲಾಸಿನ ಹುಡುಗಿಯರೂ ಒಬ್ಬರಿಗೊಬ್ಬರು “ಮಗಾ” ಅಂತಲೇ ಕರೆಯುವುದು. ಹಾಗಂತ ಹೇಳಿ.

ಮೈಕ್_ಮುಂದೆ
ಹೇಳಿದೆ, ಅದಕ್ಕೇ ಕೊನೆಗೆ ಒಪ್ಪಿದ್ದು. “ಓ ಮಾರಾಯ” ಮಾತ್ರ ತೆಗೆದುಬಿಟ್ಟೆ, ಪಣಂಬೂರಿನವರ ಮಾತು ಕೇಳಿ. ತಮಾಷೆಯಲ್ಲದ, ಗಂಭೀರ ಪಾತ್ರ ಒಂದು ಸಿಕ್ಕರೆ ಆಗ ಹಾಕುತ್ತೇನೆ. ಡಬ್ಬಿಯಿಂದ ಹಾರುವ ಕಪ್ಪೆಗೆ “ಯಪ್ಪಾ!”. ಅದಕ್ಕೆ ದೊಡ್ಡ ಬಾಯಿ, “ಪ್ಪಾ” ಅಂದಾಗ ಪರದೆ ತುಂಬುತ್ತದೆ.

ಪಣಂಬೂರು_ಪೋಡಿ
ಥ್ಯಾಂಕ್ಸ್. ಗಂಭೀರ ಪಾತ್ರಕ್ಕೆ ಕಾಯುತ್ತೇನೆ. ವಕೀಲ ಆದರೆ ಒಳ್ಳೆಯದು.

ಕುಡ್ಲ_ಗಾಳಿ
ವಕೀಲ ಯಾಕೆ ಮಾರಾಯ್ರೆ, ಅಡ್ವಾನ್ಸ್ ಕೇಸಿಗಾ?

ಹುಬ್ಬಳ್ಳಿ_ಗಿರ್ಮಿಟ್
@ಮೈಕ್_ಮುಂದೆ ಏ, ನಿಲ್ರಿ ಸ್ವಲ್ಪ. ಮಂಗಳೂರಿನವರು ಕೇಳಿದ ಕೂಡಲೇ ತೆಗೆದಿರಿ. ಮಂಡ್ಯದವರಿಗೆ ಎಲ್ಲರನ್ನೂ ಕಾಪಾಡುವ ಆಮೆ. ನಮಗೆ ಕಪ್ಪೆ? ಅದೂ ಡಬ್ಬಿಯೊಳಗಿನ ಕಪ್ಪೆ?

ಮೈಕ್_ಮುಂದೆ
@ಹುಬ್ಬಳ್ಳಿ_ಗಿರ್ಮಿಟ್ ಕಪ್ಪೆ ಇಡೀ ಸರಣಿಯಲ್ಲಿ ಬುದ್ಧಿವಂತ ಪಾತ್ರ ಸಾರ್, ನಿಜವಾಗಲೂ.

ಹುಬ್ಬಳ್ಳಿ_ಗಿರ್ಮಿಟ್
ಬುದ್ಧಿವಂತ ಡಬ್ಬಿಯೊಳಗ ಯಾಕ ಕೂತಿದ್ದ? ಡೈನೋಸಾರ್‌ಗೆ ಡೈಲಾಗ್ ಐತೇನು ನೋಡ್ರಿ.